ಕಳೆ ಕೀಳುವುದು ಹಿಂಸೆಯೇ?

ಹಳಿಯಾಳ, ಮುಂಡಗೋಡಗಳ ರಸ್ತೆಬದಿಯಲ್ಲಿ ಬೆಳೆಯುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಗಜ್ಜರಿ ಸೊಪ್ಪಿನಂತೆ ಸೀಳಿದ ಎಲೆಗಳಿಂದಲೂ ಅಕ್ಕಿನುಚ್ಚು ಚೆಲ್ಲಿದಂತಿರುವ ಬಿಳಿ ಹೂಗಳಿಂದಲೂ ದೂರಕ್ಕೇ ಗುರುತು ಸಿಗುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು ದೇಶವಿಡೀ ಹಬ್ಬಿದ ಈ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಿಷವಸ್ತು ಚರ್ಮಕ್ಕೆ ತುರಿಕೆಯನ್ನು ತಂದರೆ, ಅದರ ಪರಾಗ ಹಲವರಿಗೆ ದಮ್ಮು ತರುತ್ತದೆ.

1966ರಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಸ್ಥಾಪನೆಯಾದ, ಗಾದೆನ್ ಮತ್ತು ಡ್ರೆಪುಂಗ್ ಮಠಗಳಿರುವ ಮುಂಡಗೋಡದಲ್ಲಿ ಈ ಗಿಡ ಹಳೆಯದೊಂದು ಪ್ರಶ್ನೆಯನ್ನು ಮತ್ತೆ ಎಬ್ಬಿಸುತ್ತದೆ. ಬೆಳೆಯುತ್ತಿರುವ ಸಸ್ಯವನ್ನು ಭಿಕ್ಷು ನಾಶಮಾಡಕೂಡದು ಎನ್ನುತ್ತದೆ ವಿನಯ, ಅಂದರೆ ಭಿಕ್ಷುಗಳ ಶಿಸ್ತಿನ ಸಂಹಿತೆ. ಜೈನರಾದರೋ ಸಸ್ಯವನ್ನು ಏಕೇಂದ್ರಿಯವೆಂದು, ಸ್ಪರ್ಶವೊಂದನ್ನೇ ಬಲ್ಲ ಜೀವವೆಂದು ಎಣಿಸಿದರೂ, ಗೃಹಸ್ಥನ ನಿತ್ಯದ ಕೆಲಸಗಳಲ್ಲಿ ತಪ್ಪದೆ ಘಟಿಸುವ ಆರಂಭೀ ಹಿಂಸೆಯನ್ನು ಕೊಲ್ಲಬೇಕೆಂದೇ ಎಸಗುವ ಸಂಕಲ್ಪೀ ಹಿಂಸೆಯಿಂದ ಬೇರೆ ಮಾಡಿದರು. ಪರದೇಶದ ಗಿಡವೆಂಬ ಒಂದೇ ಕಾರಣಕ್ಕೆ ಅದನ್ನು ಹಳಿಯುವ ಮಾತು, ಪರದೇಶಿಗಳಿಗೆ ನೆಲ ಕೊಟ್ಟ ಈ ತಾಲೂಕಿನಲ್ಲಿ, ಅಷ್ಟು ಒಪ್ಪುವಂಥದಲ್ಲ. ಆದರೂ ಮಳೆಗೆ ಮಣ್ಣು ಸಡಿಲಾದಾಗ, ಕೈಗವಸು ತೊಟ್ಟು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೂ ಬಿಡುವ ಮೊದಲೇ ಅದನ್ನು ಬೇರುಸಹಿತ ಕೀಳುವ ರೈತನ ಕೆಲಸ ಆರಂಭೀ ಹಿಂಸೆಯ ವರ್ಗಕ್ಕೇ ಸಲ್ಲುತ್ತದೆ. ತಡಮಾಡಿ, ಬೀಜ ಬಲಿತ ಮೇಲೆ ಕಿತ್ತವನು ಮಾತ್ರ ಹಿಂಸೆಯನ್ನೂ ಮಾಡಿ ಸಾವಿರಾರು ಬೀಜಗಳನ್ನೂ ಬಿತ್ತಿರುತ್ತಾನೆ.