ಗೆದ್ದ ಮೇಲೆ ಕದ್ದದ್ದು ಸರಿಯಾಗುವುದೇ?

ಕಾದಂಬರಿಯೊಂದನ್ನು ಓದಿ ಮುಗಿಸಿದವರು ಸಾಮಾನ್ಯವಾಗಿ ಕೇಳಿಕೊಳ್ಳುವುದು ‘ಕಥೆ ಚೆನ್ನಾಗಿದೆಯೇ?’ ಎಂದು. ಕೆಲವು ಪುಸ್ತಕಗಳು ಮಾತ್ರ ಓದುಗರ ಕೈಗೆ ಬೇರೊಂದು ಪ್ರಶ್ನೆಯನ್ನು ಕೊಟ್ಟು ಹೋಗುತ್ತವೆ. ಅಮೆರಿಕದ ಲೇಖಕ ಎರಿಕ್ ನೈಲಂಡ್ ಬರೆದ ‘ಹೇಲೋ: ದ ಫಾಲ್ ಆಫ್ ರೀಚ್’ ಅಂತಹ ಒಂದು ಪುಸ್ತಕ. ಅಂತರಿಕ್ಷದಲ್ಲಿ ನಡೆಯುವ ಯುದ್ಧದ ಕಥೆ ಇದು. ‘ಹೇಲೋ’ ಎಂಬ ವಿಡಿಯೋ ಗೇಮ್ 2001ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬರುವುದಕ್ಕೆ ಸುಮಾರು ಎರಡು ವಾರ ಮೊದಲು, ಆ ಆಟದ ನಾಯಕನ ಪೂರ್ವಕಥೆಯಾಗಿ ಇದು ಪ್ರಕಟವಾಯಿತು.

ಆಟದ ಬೆನ್ನಿಗೆ ಕಟ್ಟಿ ಮಾರುವ ಪುಸ್ತಕದಿಂದ ಯಾರೂ ಹೆಚ್ಚಿನದನ್ನು ನಿರೀಕ್ಷಿಸುವುದಿಲ್ಲ. ಆದರೂ ಓದಿದವರಲ್ಲಿ ಬಹುಮಂದಿ ಇದನ್ನು ಮೆಚ್ಚಿಕೊಂಡರು. ಭಾಷೆ ಸಾಧಾರಣ, ಯುದ್ಧದ ವರ್ಣನೆ ಅತಿಯಾಯಿತು ಎಂದವರೂ ಉಂಟು. ಮೆಚ್ಚಿದವರಾಗಲಿ ಮೆಚ್ಚದವರಾಗಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಆ ವಿಜ್ಞಾನಿ ಮಕ್ಕಳಿಗೆ ಮಾಡಿದ್ದು ಸರಿಯೇ? ನಮ್ಮ ಮನೆಗಳ ಯುವಕರಲ್ಲಿ ಈ ಆಟವನ್ನು ಆಡಿದವರಿದ್ದಾರೆ. ಹಿರಿಯರಿಗೆ ಅದರ ಹೆಸರೂ ಹೊಸದಿರಬಹುದು. ಆದ್ದರಿಂದ ಮೊದಲು ಕಥೆಯನ್ನು ತಿಳಿದುಕೊಳ್ಳೋಣ.

ಎಪ್ಪತ್ತೈದು ಮಕ್ಕಳು

ಕಥೆ ಆರಂಭವಾಗುವುದು 2517ನೇ ಇಸವಿಯಲ್ಲಿ. ಮನುಷ್ಯರು ಅನೇಕ ಗ್ರಹಗಳಲ್ಲಿ ನೆಲೆಸಿದ್ದಾರೆ. ಕೆಲವು ಗ್ರಹಗಳ ಜನ ಸರ್ಕಾರದ ವಿರುದ್ಧ ದಂಗೆಯೆದ್ದಿದ್ದಾರೆ. ಈ ದಂಗೆಯನ್ನು ಅಡಗಿಸಲು ಅಸಾಧಾರಣ ಸೈನಿಕರ ಒಂದು ಚಿಕ್ಕ ಪಡೆ ಸಾಕು ಎನ್ನುತ್ತಾಳೆ ಕ್ಯಾಥರಿನ್ ಹಾಲ್ಸಿ ಎಂಬ ವಿಜ್ಞಾನಿ. ಅಂತಹವರನ್ನು ಎಳೆಯ ವಯಸ್ಸಿನಲ್ಲೇ ಆರಿಸಿ ಬೆಳೆಸಬೇಕಂತೆ. ಯೋಗ್ಯರೆಂದು ಗುರುತಿಸಿದ ಮಕ್ಕಳು 150. ಮಂಜೂರಾದ ಹಣ ಸಾಲುವುದು 75 ಮಕ್ಕಳಿಗೆ.

ಎರಿಡೇನಸ್ ಎಂಬ ನಕ್ಷತ್ರದ ಸುತ್ತಲಿನ ಗ್ರಹವೊಂದರಲ್ಲಿ ಆರು ವರ್ಷದ ಜಾನ್ ಶಾಲೆಯ ಅಂಗಳದಲ್ಲಿ ಆಡುತ್ತಿರುತ್ತಾನೆ. ಅವನನ್ನು ನೋಡಲು ಹಾಲ್ಸಿ ಬರುತ್ತಾಳೆ. ಒಂದು ನಾಣ್ಯವನ್ನು ಚಿಮ್ಮಿ, ಯಾವ ಮುಖ ಬೀಳುವುದೆಂದು ಕೇಳುತ್ತಾಳೆ. ಹುಡುಗ ಅದನ್ನು ಗಾಳಿಯಲ್ಲೇ ಹಿಡಿದು ಸರಿಯಾಗಿ ಹೇಳುತ್ತಾನೆ. ನಾಣ್ಯವನ್ನು ಅವನಿಗೇ ಬಿಟ್ಟು ಅವಳು ಹೊರಟುಹೋಗುತ್ತಾಳೆ. ಆಮೇಲೆ ಹುಡುಗನನ್ನು ಗುಟ್ಟಾಗಿ ಎತ್ತಿಕೊಂಡು ಹೋಗುತ್ತಾರೆ. ಮನೆಯಲ್ಲಿ ಅವನ ಜಾಗಕ್ಕೆ, ಪ್ರಯೋಗಾಲಯದಲ್ಲಿ ಅವನಂತೆಯೇ ತಯಾರಿಸಿದ ಇನ್ನೊಂದು ಜೀವವನ್ನು ಇಡುತ್ತಾರೆ. ಆ ಪ್ರತಿರೂಪಕ್ಕೆ ಹೆಚ್ಚು ಆಯುಷ್ಯವಿಲ್ಲ. ಕಾಯಿಲೆ ಬಿದ್ದು ಸಾಯುತ್ತದೆ. ತಮ್ಮದಲ್ಲದ ಮಗುವನ್ನು ತಮ್ಮದೆಂದೇ ನಂಬಿ ಹೆತ್ತವರು ಅತ್ತು ಮಣ್ಣು ಮಾಡಬೇಕು.

ರೀಚ್ ಎಂಬ ಗ್ರಹದಲ್ಲಿ ಮಕ್ಕಳ ತರಬೇತಿ ನಡೆಯುತ್ತದೆ. ಮನೆತನದ ಹೆಸರು ಹೋಗಿ ಒಂದು ಸಂಖ್ಯೆ ಬರುತ್ತದೆ; ಹುಡುಗ ‘ಜಾನ್-117’ ಆಗುತ್ತಾನೆ. ಹದಿನಾಲ್ಕರ ವಯಸ್ಸಿನಲ್ಲಿ ಅವರ ಎಲುಬು, ಸ್ನಾಯು, ಕಣ್ಣುಗಳನ್ನು ಬಲಪಡಿಸುವ ಶಸ್ತ್ರಚಿಕಿತ್ಸೆ. ಅದರಲ್ಲಿ 30 ಮಕ್ಕಳು ಸಾಯುತ್ತಾರೆ, 12 ಮಂದಿ ಊನರಾಗುತ್ತಾರೆ, 33 ಮಂದಿ ಎದ್ದು ನಿಲ್ಲುತ್ತಾರೆ. ಅವರ ಮೊದಲ ಕಾರ್ಯಾಚರಣೆ ದಂಗೆಕೋರರ ನಾಯಕನೊಬ್ಬನನ್ನು ಹಿಡಿದು ತರುವುದು. ಅದು ನಡೆಯುವುದು ಅದೇ ಎರಿಡೇನಸ್ ಪ್ರದೇಶದಲ್ಲಿ, ಜಾನ್‌ನ ಹುಟ್ಟೂರಿನ ನೆರೆಯಲ್ಲಿ. ಇದಾದ ಮೇಲೆ ಕವನೆಂಟ್ ಎಂಬ ಅನ್ಯಲೋಕದ ಸೇನೆ ಮನುಷ್ಯರಿದ್ದ ಗ್ರಹಗಳನ್ನು ಒಂದೊಂದಾಗಿ ಸುಡುತ್ತಾ ಬರುತ್ತದೆ. ದಂಗೆ ಅಡಗಿಸಲು ಬೆಳೆಸಿದ ಮಕ್ಕಳು ಮಾನವಕುಲಕ್ಕೇ ಗುರಾಣಿಯಾಗುತ್ತಾರೆ.

ಓದುಗರ ವಾದ

ಹಾಲ್ಸಿಯ ಪರ ನಿಲ್ಲುವ ಓದುಗರು ಬಹಳ. ‘ಅವಳು ಹಾಗೆ ಮಾಡದಿದ್ದರೆ ಒಬ್ಬ ಮನುಷ್ಯನೂ ಉಳಿಯುತ್ತಿರಲಿಲ್ಲ’ ಎನ್ನುತ್ತಾರೆ. ‘ಅವಳು ಕಲ್ಲೆದೆಯವಳಲ್ಲ, ಒಳಗೊಳಗೇ ಬೆಂದವಳು’ ಎನ್ನುತ್ತಾರೆ. ‘ಆ ಮಕ್ಕಳೇ ಅವಳನ್ನು ದ್ವೇಷಿಸಲಿಲ್ಲ, ನಾವೇಕೆ ದೂರಬೇಕು?’ ಎಂದೂ ಕೇಳುತ್ತಾರೆ. ಎದುರು ಪಕ್ಷದವರದು ಒಂದೇ ಮಾತು: ಮಕ್ಕಳ ಕಳ್ಳತನ ಕಳ್ಳತನವೇ.

2011ರಲ್ಲಿ ಕ್ಯಾರನ್ ಟ್ರಾವಿಸ್ ಎಂಬ ಲೇಖಕಿ ಇದೇ ಕಥಾಸರಣಿಯಲ್ಲಿ ‘ಗ್ಲಾಸ್‌ಲ್ಯಾಂಡ್ಸ್’ ಎಂಬ ಕಾದಂಬರಿ ಬರೆದರು. ಅದರಲ್ಲಿ ಉಳಿದ ಪಾತ್ರಗಳು ಹಾಲ್ಸಿಯನ್ನು ಕಟುವಾಗಿ ಖಂಡಿಸುತ್ತವೆ. ಓದುಗರಲ್ಲಿ ಮತ್ತೆ ಜಗಳ. ಕೆಲವರು ಕೊನೆಗೂ ನ್ಯಾಯ ಸಿಕ್ಕಿತು ಎಂದರು. ಇನ್ನು ಕೆಲವರು, ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲಧಿಕಾರಿಗಳನ್ನೂ ಮಕ್ಕಳನ್ನು ಪಳಗಿಸಿದ ತರಬೇತುದಾರನನ್ನೂ ಬಿಟ್ಟು ಒಬ್ಬಳ ತಲೆಗೇ ಎಲ್ಲವನ್ನೂ ಕಟ್ಟುವುದು ಯಾವ ನ್ಯಾಯ ಎಂದು ಕೇಳಿದರು. ಹಣ್ಣು ತಿಂದವ ಜಾರಿಕೊಂಡ, ಸಿಪ್ಪೆ ತಿಂದವ ಸಿಕ್ಕಿಬಿದ್ದ ಎಂಬ ನಮ್ಮ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಹಲವರು ಸೇರಿ ಮಾಡಿದ ಪಾಪ ಒಬ್ಬರ ಹೆಸರಿಗೆ ಬರೆದ ಮಾತ್ರಕ್ಕೆ ಉಳಿದವರ ಲೆಕ್ಕದಿಂದ ಅಳಿಸಿಹೋಗುವುದಿಲ್ಲ.

ಏಣಿ ಮತ್ತು ಕೆರೆ

ಮೊದಲ ವಾದವನ್ನೇ ಪರಿಶೀಲಿಸೋಣ. ಮಕ್ಕಳನ್ನು ಕದ್ದದ್ದು 2517ರಲ್ಲಿ. ಅನ್ಯಲೋಕದ ಸೇನೆ ಮೊದಲು ಕಾಣಿಸಿಕೊಂಡದ್ದು 2525ರಲ್ಲಿ. ಎತ್ತಿಕೊಂಡು ಹೋದ ದಿನ ಮಾನವಕುಲವನ್ನು ಉಳಿಸುವ ಮಾತೇ ಇರಲಿಲ್ಲ. ಇದ್ದದ್ದು ಮನುಷ್ಯರನ್ನೇ ಅಡಗಿಸುವ ಮಾತು. ಒಬ್ಬನು ಪಕ್ಕದ ಮನೆಯ ಏಣಿಯನ್ನು ಕದ್ದು ತಂದ ಎನ್ನಿ. ಅದೇ ರಾತ್ರಿ ಬಾವಿಗೆ ಬಿದ್ದ ಮಗುವನ್ನು ಆ ಏಣಿಯಿಂದಲೇ ಮೇಲೆತ್ತಿದರು. ಏಣಿ ಹತ್ತಿರವಿದ್ದುದಕ್ಕೆ ಎಲ್ಲರಿಗೂ ಸಂತೋಷವೇ. ಹಾಗೆಂದು ಏಣಿ ಕದ್ದದ್ದು ಪುಣ್ಯಕಾರ್ಯವಾಯಿತೇ?

‘ಮುಂದೆ ಬರುವ ವಿಪತ್ತು ಅವಳಿಗೆ ಮೊದಲೇ ತಿಳಿದಿದ್ದರೆ?’ ಎಂದು ನೀವು ಕೇಳಬಹುದು. ಪ್ರಶ್ನೆ ಕಠಿಣವಾಗುವುದು ಇಲ್ಲಿಯೇ. ನಮ್ಮ ಜನಪದರು ಇದನ್ನು ಎಂದೋ ಎತ್ತಿಕೊಂಡಿದ್ದಾರೆ. ‘ಕೆರೆಗೆ ಹಾರ’ದ ಕಥೆಯನ್ನು ಶಾಲೆಯಲ್ಲಿ ಓದದವರು ಕಡಿಮೆ. ಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟಾಗ ನೀರು ಉಕ್ಕಿತು. ದಂಡಿನಿಂದ ಮರಳಿದ ಗಂಡ ವಿಷಯ ತಿಳಿದು ಅದೇ ಕೆರೆಗೆ ಹಾರಿದ. ಗಮನಿಸಿರಿ, ಕಥೆಯಲ್ಲಿ ನೀರು ನಿಜವಾಗಿಯೂ ಬರುತ್ತದೆ. ಲೆಕ್ಕ ಹಾಕಿದರೆ ಒಂದು ಜೀವಕ್ಕೆ ಬದಲು ಇಡೀ ಊರಿಗೆ ನೀರು. ಆದರೂ ಹಾಡು ಕೇಳಿದವರು ಅಳುವುದು ಭಾಗೀರಥಿಗಾಗಿ. ತುಂಬಿದ ಕೆರೆಯನ್ನು ತೋರಿಸಿ ಗೌಡನನ್ನು ಹೊಗಳುವವರು ಯಾರೂ ಇಲ್ಲ.

ಕ್ರೈಸ್ತರಾದ ನಮಗೆ ಇದಕ್ಕಿಂತ ಹತ್ತಿರದ ಸಾಕ್ಷಿಯಿದೆ. ಇಡೀ ಜನಾಂಗ ನಾಶವಾಗುವ ಬದಲು ಒಬ್ಬನು ಸಾಯುವುದು ಮೇಲು ಎಂದು ಸಭೆಯಲ್ಲಿ ಲೆಕ್ಕ ಕೊಟ್ಟವನು ಪ್ರಧಾನಯಾಜಕ ಕಾಯಫ. ಆ ಒಬ್ಬನ ಮರಣದಿಂದ ಲೋಕಕ್ಕೆ ರಕ್ಷಣೆ ಬಂತೆಂದು ನಾವು ವಿಶ್ವಾಸಿಸುತ್ತೇವೆ. ಅಂದರೆ, ಒಂದು ಅನ್ಯಾಯದ ಕೃತ್ಯದಿಂದ ಹುಟ್ಟಬಹುದಾದ ಅತಿ ದೊಡ್ಡ ಒಳಿತು ಹುಟ್ಟಿತು. ಆದರೂ ಎರಡು ಸಾವಿರ ವರ್ಷಗಳಲ್ಲಿ ಯಾವ ಧರ್ಮಕೇಂದ್ರದಲ್ಲಿಯೂ ಕಾಯಫನಿಗೆ ಕೃತಜ್ಞತಾ ಪೂಜೆ ನಡೆದಿಲ್ಲ. ಕೆಡುಕಿನಿಂದ ಒಳಿತನ್ನು ಹೊರತರುವುದು ದೇವರ ಕರುಣೆ. ಕೆಡುಕು ಮಾಡಿದವನಿಗೆ ಅದರಲ್ಲಿ ಪಾಲಿಲ್ಲ. ಒಳಿತು ಬರಲೆಂದು ಕೆಡುಕು ಮಾಡೋಣ ಎನ್ನುವವರ ಮಾತನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ತಳ್ಳಿಹಾಕುತ್ತಾರೆ. ಕೃತ್ಯ, ಉದ್ದೇಶ, ಸಂದರ್ಭ ಈ ಮೂರೂ ನೆಟ್ಟಗಿದ್ದರೆ ಮಾತ್ರ ಕಾರ್ಯ ಒಳ್ಳೆಯದು ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಒಂದು ಕೊಡ ಹಾಲು ಕೆಡಲು ಒಂದು ತೊಟ್ಟು ಹುಳಿ ಸಾಕು.

ಯಾರ ಗಂಟು?

ಕಾದಂಬರಿಯಲ್ಲಿ ತರಬೇತುದಾರ ಮೆಂಡೆಜ್ ಜಾನ್‌ಗೆ ಒಂದು ಪಾಠ ಹೇಳುತ್ತಾನೆ: ನಾಯಕನಾದವನು ತನ್ನವರ ಪ್ರಾಣವನ್ನು ಖರ್ಚು ಮಾಡಬೇಕಾಗಿ ಬರಬಹುದು, ಪೋಲು ಮಾಡಬಾರದು. ಓದುಗರು ಬಹಳ ಮೆಚ್ಚುವ ಮಾತು ಇದು. ಖರ್ಚು, ಪೋಲು ಎರಡೂ ಹಣದ ಗಂಟಿಗೆ ಸೇರಿದ ಮಾತುಗಳು. ಅದಕ್ಕೂ ಮೊದಲು ಕೇಳಬೇಕಾದದ್ದು ಗಂಟು ಯಾರದು ಎಂದು. ಪ್ರಾಯಕ್ಕೆ ಬಂದವನು ತಿಳಿದು ಒಪ್ಪಿ ಸೈನ್ಯಕ್ಕೆ ಸೇರಿದರೆ, ತನ್ನದನ್ನು ತಾನೇ ಕೊಡುತ್ತಾನೆ. ಆರು ವರ್ಷದ ಮಗುವಿನಿಂದ ತೆಗೆದುಕೊಂಡದ್ದು ಕೊಟ್ಟದ್ದಾಗುವುದಿಲ್ಲ. ಕಥೆಯಲ್ಲಿ ಜಾನ್‌ನ ಗೆಳೆಯ ಸ್ಯಾಮ್ ಇದ್ದಾನೆ. ಶತ್ರುವಿನ ನೌಕೆಯಲ್ಲಿ ಅವನ ಕವಚ ಹರಿದುಹೋಗುತ್ತದೆ. ಗಾಳಿಯಿಲ್ಲದ ಅಂತರಿಕ್ಷಕ್ಕೆ ಅವನಿನ್ನು ಕಾಲಿಡಲಾರ. ಉಳಿದವರು ಪಾರಾಗಲೆಂದು ಆ ಬಾಲಕ ಅಲ್ಲಿಯೇ ನಿಂತುಬಿಡುತ್ತಾನೆ. ಅವನ ತ್ಯಾಗ ನಿಜವಾದದ್ದು, ದೊಡ್ಡದು. ಆ ತ್ಯಾಗದ ಗೌರವ ಅವನಿಗೆ ಸಲ್ಲಬೇಕೇ ಹೊರತು ಅವನನ್ನು ಕದ್ದವರಿಗಲ್ಲ.

‘ಹಾಗಾದರೆ ಮಾನವಕುಲ ಅಳಿದರೂ ಸರಿಯೇ?’ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. ತಿಳಿದು ಒಪ್ಪಿ ಬಂದವರಿಂದಲೇ ಯುದ್ಧ ನಡೆಸಬೇಕಿತ್ತು ಎನ್ನಬಹುದು. ಅದು ಸಾಕಾಗದೆ ಹೋಗಬಹುದಿತ್ತು ಎಂಬುದನ್ನೂ ಒಪ್ಪಬೇಕು. ಕೆಡುಕನ್ನು ಒಲ್ಲೆ ಎಂದವರು ಯಾವಾಗಲೂ ಗೆಲ್ಲುತ್ತಾರೆಂದು ಶುಭಸಂದೇಶ ಎಲ್ಲಿಯೂ ಭರವಸೆ ಕೊಟ್ಟಿಲ್ಲ. ಆದರೆ ಮಕ್ಕಳನ್ನು ಕದ್ದು, ಅವರ ತಾಯಂದಿರಿಗೆ ಸುಳ್ಳು ಹೆಣ ಕೊಟ್ಟು ಉಳಿಸಿಕೊಂಡ ಮನುಷ್ಯತ್ವದಲ್ಲಿ ಉಳಿದಿರುವುದೇನು ಎಂದು ಕೇಳುವ ಹಕ್ಕು ನಮಗಿದೆ.

ಇದು ಬರೀ ಕಥೆಯಲ್ಲ. 1996ರ ಅಕ್ಟೋಬರ್ 10ರಂದು ಉತ್ತರ ಉಗಾಂಡದ ಅಬೋಕೆ ಎಂಬ ಊರಿನ ಸಂತ ಮರಿಯಮ್ಮನ ಶಾಲೆಯಿಂದ 139 ಹುಡುಗಿಯರನ್ನು ‘ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ’ ಎಂಬ ಬಂಡುಕೋರರ ಪಡೆ ಎಳೆದುಕೊಂಡು ಹೋಯಿತು. ಶಾಲೆಯ ಉಪ ಮುಖ್ಯೋಪಾಧ್ಯಾಯಿನಿ, ಇಟಲಿಯ ಧರ್ಮಭಗಿನಿ ರಾಕೆಲೆ ಫಸ್ಸೆರಾ, ಒಬ್ಬ ಶಿಕ್ಷಕರನ್ನು ಕರೆದುಕೊಂಡು ಕಾಡಿನ ದಾರಿಯಲ್ಲಿ ಅವರ ಬೆನ್ನು ಹತ್ತಿದರು. ನಾಯಕನು 109 ಮಂದಿಯನ್ನು ಬಿಟ್ಟುಕೊಟ್ಟು 30 ಮಂದಿಯನ್ನು ಇಟ್ಟುಕೊಂಡ. ಅಂಗಲಾಚಿದರೂ ಬಿಡಲಿಲ್ಲ. 109 ಜನ ಸಿಕ್ಕರಲ್ಲ ಎಂದು ಆ ಭಗಿನಿ ಲೆಕ್ಕ ಮುಗಿಸಲಿಲ್ಲ. ಉಳಿದವರಿಗಾಗಿ ಅವರೂ ಹೆತ್ತವರೂ ವರ್ಷಗಟ್ಟಲೆ ಬಾಗಿಲು ಬಾಗಿಲು ತಟ್ಟಿದರು. ಹಾಲ್ಸಿಯ ಲೆಕ್ಕದಲ್ಲಿ 33 ದೊಡ್ಡದು. ಈ ಭಗಿನಿಯ ಲೆಕ್ಕದಲ್ಲಿ 30 ದೊಡ್ಡದು.

ನಮ್ಮ ಮನೆಯೊಳಗೆ

ಪ್ರಿಯ ತಂದೆತಾಯಂದಿರೇ, ಮಕ್ಕಳನ್ನು ಕದಿಯುವವರು ನಾವಲ್ಲ, ನಿಜ. ಆದರೆ ಹಾಲ್ಸಿಯ ಪರ ವಾದ ನಮ್ಮ ಬಾಯಲ್ಲೂ ಬರುತ್ತದೆ. ‘ಅಂದು ಬಾರಿಸಿದ್ದಕ್ಕೇ ಇಂದು ಇಂಜಿನಿಯರ್ ಆಗಿದ್ದಾನೆ.’ ‘ಅತ್ತರೂ ಬಿಡದೆ ಹಾಸ್ಟೆಲಿಗೆ ಸೇರಿಸಿದೆ, ಈಗ ನೋಡಿ.’ ಮಗನೂ ತಲೆಯಾಡಿಸಿ ಹೌದು ಎನ್ನುತ್ತಾನೆ. ಬೇರೆ ಮಡಿಲು ಕಾಣದ ಮಗು ಇದ್ದ ಮಡಿಲನ್ನೇ ಪ್ರೀತಿಸುತ್ತದೆ. ಆ ಪ್ರೀತಿಯನ್ನು ನಮ್ಮ ಪಾಪಕ್ಕೆ ಕ್ಷಮಾಪತ್ರವೆಂದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಾರದು.

ಮಗುವನ್ನು ಗುರುವೋ ಧರ್ಮಭಗಿನಿಯೋ ಮಾಡುತ್ತೇನೆಂದು ಹರಕೆ ಹೊತ್ತ ತಾಯಂದಿರು ಪ್ರವಾದಿ ಸಮುವೇಲನ ತಾಯಿ ಹನ್ನಳನ್ನು ನೆನೆಯುವುದುಂಟು. ಅವಳೂ ಮಗುವನ್ನು ದೇವಾಲಯಕ್ಕೆ ಒಪ್ಪಿಸಿದಳಲ್ಲವೇ? ಒಪ್ಪಿಸಿದಳು, ಎಲ್ಲರೆದುರು, ಸ್ವಂತ ಕೈಯಿಂದ. ವರ್ಷ ವರ್ಷವೂ ಒಂದು ಪುಟ್ಟ ನಿಲುವಂಗಿ ಹೊಲಿದು ತೆಗೆದುಕೊಂಡು ಹೋಗಿ ಮಗನನ್ನು ಕಂಡಳು. ದೇವರು ಆ ಹುಡುಗನನ್ನು ಹೆಸರು ಹಿಡಿದು ಕರೆದರು, ಉತ್ತರ ಕೊಟ್ಟವನು ಹುಡುಗನೇ. ಕರೆಯುವುದಕ್ಕೂ ಎತ್ತಿಕೊಂಡು ಹೋಗುವುದಕ್ಕೂ ಇರುವ ಅಂತರ ಇಷ್ಟೇ.

ನಿಮ್ಮ ಮನೆಯ ಹುಡುಗನೊ ಹುಡುಗಿಯೊ ಈ ಪುಸ್ತಕ ಓದುತ್ತಿದ್ದರೆ ಕಿತ್ತುಕೊಳ್ಳಬೇಡಿ. ಜಾನ್‌ನ ಧೈರ್ಯವನ್ನು ಅವರು ಮೆಚ್ಚಲಿ, ಅದು ಮೆಚ್ಚತಕ್ಕದ್ದೇ. ಓದಿ ಮುಗಿಸಿದ ಮೇಲೆ, ಊಟಕ್ಕೆ ಕುಳಿತಾಗ, ಒಂದೇ ಪ್ರಶ್ನೆ ಕೇಳಿ: ಯುದ್ಧ ಗೆದ್ದ ಮೇಲೆ ಜಾನ್‌ನ ತಾಯಿಯ ಮನೆಗೆ ಹೋಗಿ ವಿಷಯ ತಿಳಿಸುವ ಕೆಲಸ ನಿನ್ನ ಪಾಲಿಗೆ ಬಂದರೆ, ನೀನು ಅವಳಿಗೆ ಏನು ಹೇಳುತ್ತಿ?