ಕರುವಿಗೆ ಹೇಳಿದ ನಿಜ

ಊಟ ಆಯಿತೇ ಎಂದು ಯಾರಾದರೂ ಕೇಳಿದರೆ, ಆಗದಿದ್ದರೂ ಆಯಿತು ಎನ್ನುತ್ತೇವೆ. ಹೇಗಿದ್ದೀರಿ ಎಂದರೆ, ಹೇಗಿದ್ದರೂ ಚೆನ್ನಾಗಿದ್ದೇವೆ ಎನ್ನುತ್ತೇವೆ. ನಮ್ಮಲ್ಲಿ ಇವು ಸುಳ್ಳಿನ ಲೆಕ್ಕಕ್ಕೆ ಸೇರುವುದಿಲ್ಲ. ಎದುರಿಗಿರುವವರಿಗೆ ನಮ್ಮಿಂದ ತೊಂದರೆಯಾಗಬಾರದೆಂಬ ಸಂಕೋಚ ಅಷ್ಟೆ. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿರುವ ನಾನೂ ಹೀಗೆಯೇ ತಿಳಿದಿದ್ದೆ. 2022ರ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಮಿನಿಯಾಪೊಲಿಸ್‌ಗೆ ಹೋಗಿ ಬಂದ ಮೇಲೆ ಆ ತಿಳಿವಳಿಕೆ ಸ್ವಲ್ಪ ಅಲುಗಾಡಿದೆ.

ಕೂಡಿಟ್ಟ ಗಳಿಕೆ ರಜೆಯನ್ನೆಲ್ಲ ಹಾಕಿ, ಮೆಂತ್ಯ, ಒಣಶುಂಠಿ, ನಮ್ಮ ತಿಪಟೂರಿನ ಕೊಬ್ಬರಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಂಡು ಅಕ್ಟೋಬರ್ ಕೊನೆಗೆ ಹೊರಟೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮುಂದೆ ಕತ್ತಲೆ ಬೇಗಬೇಗ ಬರತೊಡಗಿತು. ಡಿಸೆಂಬರಿನಲ್ಲಿ ಅಲ್ಲಿ ಇಡೀ ದಿನಕ್ಕೆ ಒಂಬತ್ತು ಗಂಟೆಯಷ್ಟೂ ಬೆಳಕಿರುವುದಿಲ್ಲ. ಸಂಜೆ ನಾಲ್ಕೂವರೆಗೆಲ್ಲ ರಾತ್ರಿ. ಕಿಟಕಿ ತೆರೆಯುವಂತಿಲ್ಲ. ಹೊರಗೆ ಹಿಮ, ಒಳಗೆ ಬಿಸಿಗಾಳಿಯ ಯಂತ್ರದ ಗುಂಯ್ ಎನ್ನುವ ಸದ್ದು. ಬೀದಿಯಲ್ಲಿ ಒಬ್ಬ ಸೊಪ್ಪಿನವಳ ಕೂಗಿಲ್ಲ, ಪಕ್ಕದ ಮನೆಯ ಕುಕ್ಕರಿನ ಸೀಟಿಯಿಲ್ಲ. ಮಗು ಮಲಗಿದರೆ ಮನೆಯೇ ಉಸಿರು ನಿಲ್ಲಿಸಿದಂತೆ ತೋರುತ್ತಿತ್ತು.

ಮಗಳು ಮದುವೆಗೆ ಮೊದಲು ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದವಳು. ಗಂಡನ ವೀಸಾದ ನೆರಳಿನಲ್ಲಿ ಹೋದ ಹೆಂಡತಿ ಅಲ್ಲಿ ಸುಮ್ಮನೆ ಕೆಲಸಕ್ಕೆ ಸೇರುವಂತಿಲ್ಲ. ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟಿದರೆ ಮಾತ್ರ ಅನುಮತಿ ಕೇಳಬಹುದೆಂದು 2015ರಲ್ಲಿ ನಿಯಮ ಮಾಡಿದ್ದಾರಂತೆ. ನಮ್ಮ ಅಳಿಯಂದಿರ ಅರ್ಜಿ ಇನ್ನೂ ಆ ಹಂತಕ್ಕೆ ಬಂದಿರಲಿಲ್ಲ. ಆ ಚಳಿಗಾಲದಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಸಾವಿರಾರು ಜನರನ್ನು ಮನೆಗೆ ಕಳಿಸುತ್ತಿದ್ದವು. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಅವರಂಥವರಿಗೆ ಇರುವುದು ಅರವತ್ತು ದಿನ. ಅವರೂ ಊಟಕ್ಕೆ ಕೂತು, “ಆಫೀಸಿನಲ್ಲಿ ಎಲ್ಲ ಸರಿಯಾಗಿದೆ ಅತ್ತೆ” ಎನ್ನುತ್ತಿದ್ದರು.

ಒಂದೇ ಮನೆಯಲ್ಲಿ ಮೂವರು ದೊಡ್ಡವರು, ಮೂವರೂ ಚೆನ್ನಾಗಿದ್ದೆವು! ನಾನು ಮಾತ್ರ ದಿನಕ್ಕೊಮ್ಮೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬರುತ್ತಿದ್ದೆ. ಏಕೆಂದು ಕೇಳಿದ್ದರೆ ಹೇಳಲು ಕಾರಣವೂ ಇರಲಿಲ್ಲ. ಮಗಳು ಬಚ್ಚಲಿಗೆ ಹೋದಾಗಲೂ ನಲ್ಲಿಯ ನೀರು ಬಹಳ ಹೊತ್ತು ಹರಿಯುತ್ತದೆ ಎಂಬುದು ಕಿವಿಗೆ ಬೀಳುತ್ತಿತ್ತು. ಬಾಣಂತಿ, ಬಿಸಿನೀರು ಹಿತವೆನಿಸಬಹುದು ಎಂದುಕೊಂಡೆ. ನನ್ನ ಕಣ್ಣೀರಿಗೆ ನಲ್ಲಿಯ ಮರೆ ಬೇಕಾದರೆ ಅವಳದಕ್ಕೂ ಬೇಕಾಗಬಹುದೆಂದು ಹೊಳೆಯಲೇ ಇಲ್ಲ. ಹೊಳೆಯಲು ನಾನು ಬಿಡಲಿಲ್ಲವೆನ್ನುವುದೇ ಸರಿ.

ಮಗುವಿಗೆ ಎರಡು ತಿಂಗಳಾದಾಗ ವೈದ್ಯರಲ್ಲಿಗೆ ಹೋದೆವು. ತೂಕ ನೋಡುವ ಮೊದಲು ನರ್ಸ್ ಒಬ್ಬಳು ತಾಯಿಯ ಕೈಗೆ ಒಂದು ಹಾಳೆ ಕೊಟ್ಟಳು. ಹತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ನಮ್ಮ ಪರೀಕ್ಷೆಯ ಬಹು ಆಯ್ಕೆಯ ಪ್ರಶ್ನೆಗಳ ಹಾಗೆ. ಹೆತ್ತ ತಾಯಂದಿರ ಮನಸ್ಸಿನ ಕುಸಿತವನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದವರು ಮಾಡಿದ ಪ್ರಶ್ನಾವಳಿ ಅದು ಎಂದು ಆಮೇಲೆ ತಿಳಿಯಿತು. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ಅಳು ಬಂತೇ, ಹೀಗೆ ಕೇಳುತ್ತಾ ಹೋಗುತ್ತದೆ. ಮೇಷ್ಟರ ಕಣ್ಣಲ್ಲವೇ, ಮಗಳು ಗುರುತು ಹಾಕುತ್ತಿದ್ದುದನ್ನು ಪಕ್ಕದಿಂದ ನೋಡಿದೆ. ನನಗೆ ಎರಡೂವರೆ ತಿಂಗಳಿಂದ ಒಂದೇ ಒಂದು ಸಲವೂ ಹೇಳದ್ದನ್ನು ಅವಳು ಹೆಸರೂ ತಿಳಿಯದ ನರ್ಸಿನ ಹಾಳೆಗೆ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದಳು.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ತಪ್ಪು ಕೆಲಸ. “ನಮ್ಮ ಕಾಲದಲ್ಲಿ ಕೂಡುಕುಟುಂಬ, ಸೌದೆ ಒಲೆ, ಆದರೂ ನಾವು ಹೀಗಾಗಲಿಲ್ಲ ಕಣೇ. ನಿನಗೇನು ಕಡಿಮೆಯಾಗಿದೆ?” ಎಂದೆ. ಅವಳು ಜಗಳವಾಡಲಿಲ್ಲ. ಮಗುವಿನ ಬಟ್ಟೆ ಮಡಿಸುತ್ತಾ ಮೆಲ್ಲಗೆ, “ಅಪ್ಪನಿಗೆ ಸ್ಟೆಂಟ್ ಹಾಕಿದಾಗ ನೀನು ಹದಿನೈದು ದಿನ ನನಗೆ ಹೇಳಿರಲಿಲ್ಲ ಅಮ್ಮ. ದಿನಾ ಫೋನ್ ಮಾಡಿದಾಗಲೂ ಅಪ್ಪ ವಾಕಿಂಗ್ ಹೋಗಿದ್ದಾರೆ ಅಂತಿದ್ದೆ” ಎಂದಳು.

ನನ್ನ ಬಾಯಿ ಕಟ್ಟಿತು. ನಿಜ, 2021ರಲ್ಲಿ ಹಾಗೆ ಮಾಡಿದ್ದೆ. ಅಷ್ಟು ದೂರದಲ್ಲಿರುವವಳಿಗೆ ಹೇಳಿ ಸಂಕಟ ಕೊಡುವುದೇಕೆ ಎಂಬ ಪ್ರೀತಿಯಿಂದಲೇ ಮಾಡಿದ್ದೆ. ಆದರೆ ಅಂದಿನಿಂದ, ಅಪ್ಪ ವಾಕಿಂಗ್ ಹೋಗಿದ್ದಾರೆ ಎಂದು ನಾನು ಹೇಳಿದಾಗಲೆಲ್ಲ ಅವಳಿಗೆ ಎದೆ ಹೊಡೆದುಕೊಳ್ಳುತ್ತಿತ್ತಂತೆ. ಸಂಕಟ ತಪ್ಪಿಸಲು ಹೇಳಿದ ಸುಳ್ಳು ಅವಳಿಗೆ ಸಂಕಟವನ್ನೇನೂ ತಪ್ಪಿಸಿರಲಿಲ್ಲ. ನನ್ನ ಮಾತಿನ ಮೇಲಿನ ನಂಬಿಕೆಯನ್ನಷ್ಟೇ ಕಳೆದಿತ್ತು. ‘ಚೆನ್ನಾಗಿದ್ದೀನಿ’ ಎಂಬ ಪಾಠವನ್ನೂ ಅವಳು ನನ್ನಿಂದಲೇ ಕಲಿತಿದ್ದಳು.

ಶಾಲೆಯ ವಾರ್ಷಿಕೋತ್ಸವಕ್ಕೆ ಎಷ್ಟೋ ಸಲ ‘ಗೋವಿನ ಹಾಡಿ’ನ ರೂಪಕ ಮಾಡಿಸಿದ್ದೇನೆ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು, ಅದೇ ಸತ್ಯ ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಆ ರಾತ್ರಿ ಮೊಮ್ಮಗಳನ್ನು ತಟ್ಟಿ ಮಲಗಿಸುತ್ತಿದ್ದಾಗ ಇನ್ನೊಂದು ಸಂಗತಿ ನೆನಪಾಯಿತು. ಪುಣ್ಯಕೋಟಿ ಹುಲಿಗೆ ಮಾತ್ರ ನಿಜ ಹೇಳಲಿಲ್ಲ, ಕರುವಿಗೂ ಹೇಳಿದಳು. ಮೇಯಲು ಹೋಗಿ ಬರುತ್ತೇನೆ ಮರಿ ಎಂದು ಸುಲಭವಾಗಿ ತಪ್ಪಿಸಿಕೊಳ್ಳಬಹುದಿತ್ತು. ಹುಲಿಯ ಬಾಯಿಗೆ ಹೋಗುತ್ತಿದ್ದೇನೆ ಎಂದು ಹೇಳಿ, ಅಳುವ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹೋದಳು. ಹುಲಿಯ ಮುಂದಿನ ಸತ್ಯಕ್ಕಿಂತ ಕರುವಿನ ಮುಂದಿನ ಸತ್ಯವೇ ಕಷ್ಟದ್ದು. ಇಷ್ಟು ವರ್ಷ ಪಾಠ ಮಾಡಿಯೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಉಳಿದ ಹಸುಗಳಿಗೆ ಒಪ್ಪಿಸಿದ್ದೂ ಮುಖ್ಯವೇ. ನಿಜ ಹೇಳಿ ಕೈಬಿಡಲಿಲ್ಲ ಅವಳು, ಆಸರೆಯನ್ನೂ ತೋರಿಸಿದಳು.

ನಮಗೂ ಆಸರೆ ಸಿಕ್ಕಿತು. ಹೆರಿಗೆಯ ನಂತರದ್ದು ಸ್ವಲ್ಪ, ಬೆಳಕಿಲ್ಲದ್ದು ಸ್ವಲ್ಪ, ಒಂಟಿತನದ್ದು ಸ್ವಲ್ಪ, ಎಲ್ಲ ಸೇರಿದೆ ಎಂದರು ವೈದ್ಯೆ. ಹಾಲೂಡಿಸುವ ತಾಯಂದಿರಿಗೂ ಕೊಡಬಹುದಾದ ಮಾತ್ರೆ ಬರೆದರು. ವಾರಕ್ಕೊಮ್ಮೆ ಆಪ್ತಸಮಾಲೋಚಕಿಯೊಬ್ಬರ ಜೊತೆ ಕಂಪ್ಯೂಟರಿನಲ್ಲೇ ಮಾತು. ಚಳಿಗಾಲದ ಮಂಕಿಗೆಂದೇ ಅಲ್ಲಿ ಒಂದು ದೀಪ ಸಿಗುತ್ತದೆ, ಹತ್ತು ಸಾವಿರ ಲಕ್ಸ್ ಬೆಳಕಿನದು. ಬೆಳಿಗ್ಗೆ ಎದ್ದೊಡನೆ ಅರ್ಧ ಗಂಟೆ ಅದರ ಮುಂದೆ ಕೂರಬೇಕು. ತಾಯಿ ಮಗಳಿಬ್ಬರೂ ಕಾಫಿ ಲೋಟ ಹಿಡಿದು ಕೂರುತ್ತಿದ್ದೆವು. ಆ ಅರ್ಧ ಗಂಟೆಯಲ್ಲಿ ಒಂದು ದಿನ ನನ್ನ ನಲ್ಲಿಯ ಗುಟ್ಟನ್ನೂ ಹೇಳಿದೆ. “ಗೊತ್ತಿತ್ತು ಬಿಡು” ಎಂದು ನಕ್ಕಳು. ಎಷ್ಟೋ ದಿನದ ಮೇಲೆ ಕಂಡ ನಗು.

ಹೊರಡುವ ಮುನ್ನ ಒಂದು ಒಪ್ಪಂದ ಮಾಡಿಕೊಂಡೆವು. ಇನ್ನು ಮುಂದೆ ‘ಚೆನ್ನಾಗಿದ್ದೀನಿ’ ಇಲ್ಲ. ಆ ದಿನದ ಮನಸ್ಸಿಗೆ ಹತ್ತಕ್ಕೆ ಎಷ್ಟು ಎಂದು ಅಂಕ ಹೇಳಬೇಕು. ಮೂರಕ್ಕಿಂತ ಕೆಳಗೆ ಕೆಲವು ದಿನ ನಿಂತರೆ ವೈದ್ಯರಿಗೆ ಫೋನ್. ಎದುರಿಗಿರುವವರು ಒಡನೆಯೇ ಬುದ್ಧಿ ಹೇಳಬಾರದು, ಇದು ನನಗೇ ಹಾಕಿದ ಷರತ್ತು. ಕೈಮೀರಿದ ಹೊತ್ತಿಗೆ ಅವಳ ಬಳಿ ಅಲ್ಲಿನ 988 ಇದೆ. ಅದು 2022ರ ಜುಲೈನಲ್ಲಷ್ಟೇ ಶುರುವಾದದ್ದು. ನನಗೆ ಇಲ್ಲಿ ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಇದರಿಂದ ಎಲ್ಲ ಸರಿಹೋಯಿತೆಂದು ಹೇಳಿದರೆ ಮತ್ತೆ ಹಳೆಯ ಸುಳ್ಳೇ ಆದೀತು. ಚಳಿಗಾಲದಲ್ಲಿ ಅವಳ ರಾತ್ರಿ ಹತ್ತು ನಮಗೆ ಬೆಳಿಗ್ಗೆ ಒಂಬತ್ತೂವರೆ. ಅವಳು ಮನಸ್ಸು ಬಿಚ್ಚುವ ಹೊತ್ತು ನನಗೆ ಶಾಲೆಯ ಹೊತ್ತು. “ಇವತ್ತು ಮೂರು ಅಮ್ಮ” ಎಂದು ಅವಳು ಹೇಳಿದ ದಿನ ಕರಿಹಲಗೆಯ ಮೇಲೆ ನಾನು ಏನು ಬರೆದೆನೆಂದು ನನಗೇ ತಿಳಿದಿರುವುದಿಲ್ಲ, ರಾತ್ರಿ ನಿದ್ದೆಯೂ ಹತ್ತುವುದಿಲ್ಲ. ನಿಜಕ್ಕೆ ಬೆಲೆಯಿದೆ, ಅದನ್ನು ಕೇಳಿಸಿಕೊಂಡವರೇ ತೆರಬೇಕು. ಎಂಬತ್ತು ದಾಟಿದ ನನ್ನ ಅತ್ತೆಯವರಿಗೆ ಈಗಲೂ ಇದೊಂದನ್ನೂ ಹೇಳಿಲ್ಲ. ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂದು ನಾನು ವಾದಿಸಲಾರೆ. ಆದರೆ ದೂರದಲ್ಲಿರುವ ಮಕ್ಕಳಿಗೆ ‘ನೀನು ಕುಗ್ಗಿದ್ದರೂ ನನಗೆ ಹೇಳಬಹುದು’ ಎನ್ನುವ ಧೈರ್ಯವನ್ನು, ನಾವು ಮೊದಲು ನಮ್ಮ ಕುಗ್ಗನ್ನು ಹೇಳಿಕೊಳ್ಳದೆ, ಹೇಗೆ ಕೊಡುವುದು?

ಮೊನ್ನೆ ಅವಳು ಏಳು ಎಂದಳು. “ನಿನಗೆಷ್ಟು ಅಮ್ಮ?” ಎಂದು ಕೇಳಿದಳು. ಆರು ಎಂದೆ. ಸ್ವಲ್ಪ ತಡೆದು, “ಅದರಲ್ಲಿ ಕೃಪಾಂಕ ಎಷ್ಟು?” ಎಂದಳು.

ಒಂದು, ಎಂದು ಒಪ್ಪಿಕೊಂಡೆ.