ಗೀರಿನ ಮೇಲಣ ಜಮಖಾನ

ದೋಷವು ಕಂಡಾಗ ಅದನ್ನು ಮುಚ್ಚುವುದಕ್ಕೆ ಮೊದಲು ಅದು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಅರಿಯಬೇಕು. ಮೇಲಣ ದೋಷಕ್ಕೆ ಒಂದು ಉಪಾಯ, ಒಳಗಿಳಿದ ದೋಷಕ್ಕೆ ಬೇರೊಂದು. ಈ ವಿವೇಕವನ್ನು ಮನೆಯ ನೆಲವೂ ಕಲಿಸಬಲ್ಲುದು.

ಕನ್ನಡನಾಡಿನ ಮನೆಗಳಲ್ಲಿ ನೆಲವೆಂದರೆ ಬಹುಕಾಲ ಸಾರಿಸಿದ ಮಣ್ಣು, ಗಾರೆ, ಇಲ್ಲವೆ ಕಲ್ಲುಚಪ್ಪಡಿ. ಅಮೆರಿಕದಲ್ಲಿ ನೆಲೆಸಿದ ಅನೇಕ ಭಕ್ತರ ಮನೆಗಳಲ್ಲಾದರೋ ಓಕ್ ಮೊದಲಾದ ಗಟ್ಟಿಮರದ ಹಲಗೆಗಳ ನೆಲವಿರುತ್ತದೆ; ಅದರ ಮೇಲೆ ತೆಳುವಾದ ಮೆರುಗಿನ ಲೇಪವಿರುತ್ತದೆ. ಅಂಥ ಬಾಡಿಗೆಯ ಮನೆಯೊಂದರಲ್ಲಿ ವಾಸಿಸುವ ಗೃಹಸ್ಥನೊಬ್ಬನನ್ನು ಭಾವಿಸಬಹುದು. ಅತಿಥಿಗಳ ಪ್ರಸಾದಕ್ಕೆ ಸ್ಥಳ ಮಾಡುವ ಅವಸರದಲ್ಲಿ ಆತನು ಭಾರವಾದ ಮೇಜನ್ನು ಎತ್ತದೆ ಎಳೆದನು. ನೆಲದ ಮೇಲೆ ಮೊಳದುದ್ದದ ಗೀರು ಮೂಡಿತು. ಬಂದವರ ಕಣ್ಣಿಗೆ ಬೀಳಬಾರದೆಂದು ಊರಿನಿಂದ ತಂದ ಜಮಖಾನವನ್ನು ಅದರ ಮೇಲೆ ಹಾಸಿದನು. ಅತಿಥಿಗಳು ಉಂಡು ಹರಸಿ ಹೋದರು. ಜಮಖಾನ ಮಾತ್ರ ಅಲ್ಲಿಯೇ ಉಳಿಯಿತು. ಅದರ ಅಡಿಗೆ ಸೇರಿದ ಮರಳು ಕಾಲಿನ ಭಾರಕ್ಕೆ ದಿನದಿನವೂ ನೆಲವನ್ನು ಉಜ್ಜಿತು. ಮರಳಿನಲ್ಲಿರುವ ಬೆಣಚುಕಲ್ಲಿನ ಕಣವು ಮರಕ್ಕಿಂತಲೂ ಮೆರುಗಿಗಿಂತಲೂ ಬಹಳ ಗಡುಸಾದುದು. ಒಂದು ಗೀರಿದ್ದಲ್ಲಿ ಹತ್ತಾದವು. ಮುಚ್ಚಿದ ದೋಷವು ಮರೆಯಲ್ಲಿಯೇ ಬೆಳೆಯಿತು.

ಹಾಗಾದರೆ ಗೀರನ್ನು ಕಾಣದಂತೆ ಮಾಡುವುದೇ ತಪ್ಪೇ? ಅಲ್ಲ. ಮನೆಯನ್ನು ಅಂದವಾಗಿಟ್ಟುಕೊಳ್ಳುವುದೂ ಗೃಹಸ್ಥನ ಕಾಯಕವೇ. ಮೊದಲು ಧೂಳನ್ನು ತೆಗೆದು, ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆದು ನೋಡಬೇಕು. ಉಗುರು ತಡೆಯದೆ ಜಾರಿದರೆ ಗಾಯವು ಸಾಮಾನ್ಯವಾಗಿ ಮೆರುಗಿನಲ್ಲಿಯೇ ನಿಂತಿದೆ. ಅಂಥಲ್ಲಿ ಅಕ್ರೋಟಿನ ತಿರುಳನ್ನು ಉಜ್ಜಿ ಬಟ್ಟೆಯಿಂದ ಒರೆಸಿದರೆ, ಅದರ ಎಣ್ಣೆಯಿಂದ ಬಿಳಿಗೆರೆ ಕಪ್ಪಾಗಿ ಕೆಲಕಾಲ ಕಣ್ಣಿಗೆ ತೋರದು. ಉಗುರು ಸಿಕ್ಕಿಕೊಂಡರೆ ಗಾಯವು ಆಳವಾದುದು. ಮರದ ಬಣ್ಣಕ್ಕೆ ಹೊಂದುವ ಮೇಣವನ್ನು ತುಂಬಬೇಕು. ನೆಲವೆಲ್ಲ ಗೀರಾಗಿದ್ದರೆ ಉಪ್ಪುಕಾಗದದ ಯಂತ್ರದಿಂದ ಉಜ್ಜಿಸಿ ಹೊಸ ಮೆರುಗು ಕೊಡಿಸುವುದೇ ದಾರಿ. ಮುಕ್ಕಾಲು ಅಂಗುಲ ದಪ್ಪದ ಇಡಿಯ ಹಲಗೆ ಇಂಥ ಉಜ್ಜುವಿಕೆಯನ್ನು ಹಲವು ಬಾರಿ ತಾಳುತ್ತದೆ. ಮೇಲೆ ಮಾತ್ರ ತೆಳುಮರವನ್ನು ಅಂಟಿಸಿದ ಹಲಗೆ ತಾಳದು.

ಆ ಗೃಹಸ್ಥನಿಗೆ ಮನೆ ಬಿಡುವ ಕಾಲ ಬಂದಿತು. ಗೀರುಗಳ ಮೇಲೆ ಬಣ್ಣ ತೀಡಿ, ಠೇವಣಿಯ ಹಣವನ್ನು ಪೂರ್ತಿಯಾಗಿ ಪಡೆದು ಹೊರಡಬೇಕೆಂದು ಅವನು ಯೋಚಿಸಿದನು. ಧಾರವಾಡದ ಕಡೆಯಿಂದ ಬಂದಿದ್ದ ಮುದಿತಾಯಿ ಅದನ್ನು ಕಂಡು ನುಡಿದಳು: “ತಮ್ಮಾ, ನೆಲ ನಮ್ಮದಲ್ಲ, ಗೀರು ಮಾತ್ರ ನಮ್ಮದು.”

ಮಗನು ಕುಂಚವನ್ನು ಕೆಳಗಿಟ್ಟನು. ಮನೆಯೊಡೆಯನನ್ನು ಕರೆದು, ಜಮಖಾನವನ್ನು ತಾನೇ ಸರಿಸಿ ತೋರಿಸಿದನು. ದುರಸ್ತಿಯ ವೆಚ್ಚವನ್ನು ಒಡೆಯನು ಠೇವಣಿಯಿಂದ ಮುರಿದುಕೊಂಡನು. ಹಣ ಹೋಯಿತು, ನಿಜ. ಆದರೆ ಆ ರಾತ್ರಿ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಕುಳಿತಾಗ ಜಮಖಾನದ ನೆನಪು ಅವನ ದೃಷ್ಟಿಗೆ ಅಡ್ಡಬರಲಿಲ್ಲ.

ಎರಡು ಬಗೆಯ ಮರೆಗಳ ಭೇದ ಇಲ್ಲಿಯೇ ಇದೆ. ತನ್ನ ಮನೆಯ ಗೀರನ್ನು ಶುಚಿಗೊಳಿಸಿ, ತುಂಬಿ, ಬಣ್ಣ ಕೂಡಿಸುವುದು ದುರಸ್ತಿ. ಪರರಿಗೆ ಸಲ್ಲಬೇಕಾದುದನ್ನು ಉಳಿಸಿಕೊಳ್ಳಲು ಅದೇ ಬಣ್ಣವನ್ನು ಬಳಿಯುವುದು ವಂಚನೆ. ಕುಂಚವೊಂದೇ, ಕೈಯೊಂದೇ, ಭಾವ ಬೇರೆ. 12ನೆಯ ಶತಮಾನದ ಶರಣರು ಒಳಗಿನ ಶುದ್ಧಿಯನ್ನೂ ಹೊರಗಿನ ಶುದ್ಧಿಯನ್ನೂ ಬೇರ್ಪಡಿಸದೆ ನೋಡಿದುದು ಈ ಕಾರಣದಿಂದಲೇ.

ಗೀರು ಬೀಳದಂತೆ ಕಾಯುವುದು ಎಲ್ಲಕ್ಕಿಂತ ಸುಲಭ. ಕುರ್ಚಿ ಮೇಜುಗಳ ಕಾಲಿಗೆ ಮೆತ್ತನೆಯ ಉಣ್ಣೆಯ ತುಂಡು ಅಂಟಿಸಬೇಕು. ಭಾರವಾದುದನ್ನು ಇಬ್ಬರು ಕೂಡಿ ಎತ್ತಬೇಕು. ಹಾಸನ್ನು ಆಗಾಗ ಎತ್ತಿ ಅಡಿಯ ಮರಳನ್ನು ಗುಡಿಸಬೇಕು. ನೀರು ಸುರಿದು ತೊಳೆದರೆ ಮರ ಉಬ್ಬುತ್ತದೆ; ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಪಾದರಕ್ಷೆಯನ್ನು ಹೊಸ್ತಿಲಾಚೆ ಬಿಡುವ ಹಿರಿಯರ ಪದ್ಧತಿಯೇ ಈ ನೆಲಕ್ಕೆ ದೊಡ್ಡ ರಕ್ಷೆ.

ಮನಸ್ಸಿಗೂ ಇದೇ ಕ್ರಮ ಸಲ್ಲುತ್ತದೆ. ದಿನಕ್ಕೊಮ್ಮೆ ಜಮಖಾನವನ್ನು ಎತ್ತಿ ನೋಡುವವನ ಮನೆಯಲ್ಲಿ ಮರಳು ನಿಲ್ಲಲಾರದು.